ಮಳವಳ್ಳಿಯ ಕಂಪ್ಯೂಟರಿಗೆ ಹಾಕಿದ ಬೀಗ

ಬೆಳಗ್ಗೆ ಏಳೂಕಾಲಿಗೆ ಫೋನು ಬಂದರೆ ಅದು ಮಳವಳ್ಳಿಯದೇ ಎಂದು ನನ್ನ ಹೆಂಡತಿಗೂ ಗೊತ್ತಾಗುವಷ್ಟು ದಿನ ಇದು ನಡೆಯಿತು. ನಾನು ಹಲ್ಲುಜ್ಜುತ್ತಿದ್ದರೆ ಅವಳೇ ಫೋನು ತಂದು ನನ್ನ ಕಿವಿಗೆ ಹಿಡಿಯುತ್ತಿದ್ದಳು. ಆ ಕಡೆಯಿಂದ ಅದೇ ದನಿ, ಅದೇ ಮಾತು.

"ಸಾರ್, ಇವತ್ತೂ ಲೇಬಲ್ ಬತ್ತಾ ಇಲ್ಲ."

ರಕ್ತ, ಮೂತ್ರ ಪರೀಕ್ಷೆ ಮಾಡುವ ಒಂದು ಖಾಸಗಿ ಲ್ಯಾಬಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮುಖ್ಯ ಲ್ಯಾಬು ಮಂಡ್ಯದಲ್ಲಿದೆ. ಮದ್ದೂರಿನಲ್ಲೊಂದು, ಮಳವಳ್ಳಿಯಲ್ಲೊಂದು ಸೆಂಟರು. ಅಲ್ಲಿ ರಕ್ತ ತೆಗೆದು ಮಂಡ್ಯಕ್ಕೆ ಕಳಿಸುತ್ತಾರೆ, ಅಷ್ಟೇ. ಮಳವಳ್ಳಿ ಸೆಂಟರಿನಲ್ಲಿ ಇದ್ದದ್ದು ಒಬ್ಬರೇ ಟೆಕ್ನಿಷಿಯನ್. ನಲವತ್ತೈದು ದಾಟಿದ ಹೆಂಗಸು, ಬಿಎಸ್ಸಿ ಮಾಡಿದವರು, ಇಪ್ಪತ್ತು ವರ್ಷದಿಂದ ರಕ್ತ ತೆಗೆಯುತ್ತಿದ್ದವರು. ಎಲ್ಲರೂ ಮೇಡಮ್ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ಬೆಳಗ್ಗೆ ಏಳಕ್ಕೆ ಬಾಗಿಲು ತೆಗೆದು, ಖಾಲಿ ಹೊಟ್ಟೆಯಲ್ಲಿ ಬಂದು ಕೂತವರ ರಕ್ತ ತೆಗೆದು, ಟ್ಯೂಬುಗಳನ್ನು ಐಸ್ ಡಬ್ಬದಲ್ಲಿಟ್ಟು, ಒಂಬತ್ತೂಕಾಲಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ನಮ್ಮವರು ಇಳಿಸಿಕೊಳ್ಳುತ್ತಿದ್ದರು.

ಟ್ಯೂಬಿಗೆ ಲೇಬಲ್ ಬೇಕು. ರೋಗಿಯ ಹೆಸರು ಟೈಪು ಮಾಡಿದರೆ ಮಂಡ್ಯದ ಸರ್ವರ್ ಒಂದು ನಂಬರು ಕೊಡುತ್ತದೆ; ಆ ನಂಬರಿನ ಸಣ್ಣ ಚೀಟಿ ಅಲ್ಲೇ ಪ್ರಿಂಟರಿನಿಂದ ಹೊರಬರುತ್ತದೆ. ಚೀಟಿ ಅಂಟಿಸದ ಟ್ಯೂಬನ್ನು ಮಂಡ್ಯದಲ್ಲಿ ತೆಗೆದುಕೊಳ್ಳುವುದಿಲ್ಲ. ಒಬ್ಬರ ರಕ್ತ ಇನ್ನೊಬ್ಬರ ಹೆಸರಿಗೆ ಹೋದರೆ ಏನಾಗುತ್ತದೆ ಎಂದು ಗೊತ್ತಿರುವವರು ಮಾಡಿದ ನಿಯಮ ಅದು, ಸರಿಯಾದದ್ದೇ.

ಆ ವರ್ಷ ಮೂರೂ ಕಡೆಯ ಹಳೇ ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿದವನು ನಾನು. ಯಾರೂ ಕೇಳಿರಲಿಲ್ಲ, ನಾನೇ ಮುಂದೆ ಬಿದ್ದು ಹೇಳಿ, ಒಪ್ಪಿಸಿ, ಹಾಕಿದೆ. ಹದಿನೈದು ದಿನ ಎಲ್ಲ ಚೆನ್ನಾಗಿ ನಡೆದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಆಮೇಲೆ ಮಳವಳ್ಳಿಯಲ್ಲಿ ಇಂಟರ್‌ನೆಟ್ ತರುವ ರೂಟರ್ ಬದಲಾಯಿಸಿದರು. ಅದರ ಮಾರನೇ ದಿನವೇ ಮೊದಲ ಫೋನು ಬಂತು.

ಬೆಸಗರಹಳ್ಳಿಯ ನನ್ನ ಮನೆಯಿಂದ ಮದ್ದೂರಿಗೆ, ಅಲ್ಲಿಂದ ಮಳವಳ್ಳಿಗೆ ಬೈಕಿನಲ್ಲಿ ಹೋದೆ. ದೂರದಿಂದಲೇ ಕಂಪ್ಯೂಟರಿನೊಳಗೆ ಹೋಗುವ ದಾರಿಯನ್ನು ಬೆಂಗಳೂರಿನ ಕಚೇರಿಯವರು ಮುಚ್ಚಿಸಿದ್ದರು, ರೋಗಿಗಳ ಮಾಹಿತಿ ಇರುವ ಯಂತ್ರ ಎಂದು. ಹಾಗಾಗಿ ಏನೇ ಆದರೂ ಖುದ್ದಾಗಿ ಹೋಗಬೇಕಿತ್ತು. ಸೆಂಟರು ಇದ್ದದ್ದು ಒಂದು ಕಾಂಪ್ಲೆಕ್ಸಿನ ಮೊದಲ ಮಹಡಿಯಲ್ಲಿ. ಮೆಟ್ಟಿಲ ಮೇಲೆಲ್ಲ ಜನ ಕೂತಿದ್ದರು. ರಕ್ತ ಕೊಡುವ ತನಕ ಕಾಫಿ ಕೂಡ ಕುಡಿಯಬಾರದಲ್ಲ, ಮುಖಗಳು ಸಿಡಿಮಿಡಿಯಾಗಿದ್ದವು.

ಮಂಡ್ಯದ ಸರ್ವರಿನ ವಿಳಾಸದ ನಂಬರು ಹೊಡೆದು ನೋಡಿದೆ, ಉತ್ತರ ಬಂತು. ಹೆಸರು ಹೊಡೆದು ನೋಡಿದೆ, ಬರಲಿಲ್ಲ. ತಂತಿ ಸರಿ ಇದೆ, ದಾರಿ ಸರಿ ಇದೆ, ಹೆಸರು ಮಾತ್ರ ತಿಳಿಯುತ್ತಿಲ್ಲ. ಕಂಪ್ಯೂಟರಿಗೆ ಹೆಸರಿದ್ದರೆ ಸಾಲದು, ಅಂಕಿಗಳ ವಿಳಾಸ ಬೇಕು. ಹೆಸರು ಹೇಳಿದರೆ ವಿಳಾಸ ಕೊಡುವುದಕ್ಕೆಂದೇ ಒಂದು ಯಂತ್ರ ಇರುತ್ತದೆ. ಅದನ್ನು ಡಿಎನ್‌ಎಸ್ ಸರ್ವರ್ ಎನ್ನುತ್ತೇವೆ. ನಮ್ಮ ಲ್ಯಾಬಿನ ಹೆಸರುಗಳು ಮಂಡ್ಯದಲ್ಲಿರುವ ನಮ್ಮದೇ ಡಿಎನ್‌ಎಸ್ ಸರ್ವರಿಗೆ ಮಾತ್ರ ಗೊತ್ತು. ಊರಿಗೆಲ್ಲ ಇಂಟರ್‌ನೆಟ್ ಕೊಡುವ ಕಂಪನಿಯವರ ಸರ್ವರನ್ನು ಕೇಳಿದರೆ, ಅಂಥ ಹೆಸರಿನವರು ಯಾರೂ ಇಲ್ಲ ಎನ್ನುತ್ತದೆ. ಯಾವ ಸರ್ವರನ್ನು ಕೇಳಬೇಕು ಎಂಬುದು ಲಿನಕ್ಸಿನಲ್ಲಿ ಒಂದು ಪುಟ್ಟ ಫೈಲಿನಲ್ಲಿ ಬರೆದಿರುತ್ತದೆ. ಅದರ ಹೆಸರು ರಿಸಾಲ್ವ್ ಕಾನ್ಫ್. ಮೂರು ಸಾಲಿನ ಫೈಲು.

ತೆರೆದು ನೋಡಿದೆ. ಮೊದಲ ಸಾಲು ಟಿಪ್ಪಣಿ. ಅದನ್ನು ಕಂಪ್ಯೂಟರೂ ಓದುವುದಿಲ್ಲ, ನಾನೂ ಓದಲಿಲ್ಲ. ಕೆಳಗೆ ನಾನು ಬರೆದಿಟ್ಟಿದ್ದ ಮಂಡ್ಯದ ವಿಳಾಸ ಇರಲಿಲ್ಲ. ಇಂಟರ್‌ನೆಟ್ ಕಂಪನಿಯ ವಿಳಾಸ ಇತ್ತು. ಅದನ್ನು ಅಳಿಸಿ ನಮ್ಮದನ್ನು ಹಾಕಿದೆ. ಪ್ರಿಂಟರು ಕಿರ್ ಎಂದು ಲೇಬಲ್ ಉಗುಳತೊಡಗಿತು. ಅಷ್ಟು ಹೊತ್ತಿಗೆ ಒಂಬತ್ತೂಕಾಲಿನ ಬಸ್ಸು ಹೋಗಿಯಾಗಿತ್ತು.

"ಯಾರಾದ್ರೂ ಇದನ್ನ ಮುಟ್ಟಿದ್ರಾ ಮೇಡಮ್?"

"ಯಾರ್ ಮುಟ್ತಾರೆ ಸಾರ್. ನಾನೊಬ್ಳೇ ಅಲ್ವಾ ಇಲ್ಲಿರೋದು."

ಅವರು ಸಹಜವಾಗಿ ಹೇಳಿದ ಈ ಮಾತನ್ನು ನಾನು ಮುಂದೆ ಎಂಥ ಕೆಲಸಕ್ಕೆ ಬಳಸಿದೆ ಎಂದು ನೆನೆದರೆ ಈಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಮಾರನೇ ದಿನ ಮತ್ತೆ ಫೋನು. ಹೋದೆ, ಸರಿ ಮಾಡಿದೆ. ಅದರ ಮಾರನೇ ದಿನ ಮತ್ತೆ. ಅವತ್ತು ಮಂಡ್ಯದಲ್ಲಿ ಬೇರೆ ಕೆಲಸ ಇತ್ತು, ಹೋಗಲಾಗಲಿಲ್ಲ. ಫೋನಿನಲ್ಲೇ ಒಂದೊಂದೇ ಅಕ್ಷರ ಹೇಳಿ ಅವರ ಕೈಯಿಂದಲೇ ಟೈಪು ಮಾಡಿಸಿದೆ. ಆ ಫೈಲನ್ನು ತಿದ್ದಲು ನನ್ನ ಪಾಸ್‌ವರ್ಡ್ ಬೇಕು, ಅದನ್ನೂ ಹೇಳಿದೆ. ಒಂದು ತಪ್ಪಿಲ್ಲದೆ ಟೈಪು ಮಾಡಿದರು. ಲೇಬಲ್ ಬಂತು.

"ಬಂತು ಸಾರ್. ನೀವೇನೂ ಯೋಚ್ನೆ ಮಾಡ್ಬೇಡಿ, ಬಸ್ಸಿಗೆ ಟೈಮ್ ಐತೆ" ಎಂದು ನನಗೇ ಧೈರ್ಯ ಹೇಳಿದರು.

ವಾರದ ಕೊನೆಯಲ್ಲಿ ಮಂಡ್ಯದ ಲ್ಯಾಬ್ ಇನ್‌ಚಾರ್ಜ್ ನನ್ನನ್ನು ಕರೆಸಿದರು. ನನಗೆ ದೊಡ್ಡಪ್ಪನ ವಯಸ್ಸು, ನಮ್ಮ ಕಡೆಯವರೇ, ಮಾತಿನಲ್ಲಿ ಮುಲಾಜಿಲ್ಲದವರು.

"ಏನ್ಲಾ ಅದು ಮಳವಳ್ಳೀದು ದಿನಾ ರಾಮಾಯಣ?"

"ಸೆಟ್ಟಿಂಗ್ ಬದಲಾಗ್ತಾ ಇದೆ ಸಾರ್. ನಾನು ಹಾಕಿ ಬರ್ತೀನಿ, ಬೆಳಗ್ಗೆ ನೋಡಿದ್ರೆ ಬೇರೆ ಇರುತ್ತೆ."

"ಮದ್ದೂರಲ್ಲೂ ಅದೇ ಮಿಷನ್ ತಾನೆ?"

"ಅದೇ."

"ಅದೇ ಸೆಟ್ಟಿಂಗು ತಾನೆ? ಅಲ್ಯಾಕ್ ಕೆಡಲ್ಲ ಮತ್ತೆ? ಆಯಮ್ಮ ಏನೋ ಒತ್ತಾಳೆ ಕಣ್ಲಾ. ಬರ್ದ್ ಕೊಡು ನಂಗೆ."

ಮದ್ದೂರಿನಲ್ಲಿ ಯಾಕೆ ಕೆಡುವುದಿಲ್ಲ. ಪ್ರಶ್ನೆ ಸರಿಯಾಗೇ ಇತ್ತು. ಅದಕ್ಕೆ ಉತ್ತರ ಹುಡುಕುವುದು ನನ್ನ ಕೆಲಸವಾಗಿತ್ತು, ಸಂಬಳ ಕೊಡುತ್ತಿದ್ದದ್ದೇ ಅದಕ್ಕೆ. ಹುಡುಕಲಿಲ್ಲ. ಪ್ರಶ್ನೆಯನ್ನೇ ಉತ್ತರ ಎಂದುಕೊಂಡು ಒಂದು ಹಾಳೆಯಲ್ಲಿ ಬರೆದೆ: ಮಳವಳ್ಳಿ ಸೆಂಟರಿನಲ್ಲಿ ಕಂಪ್ಯೂಟರ್ ಸೆಟ್ಟಿಂಗನ್ನು ಪದೇ ಪದೇ ಮುಟ್ಟುತ್ತಿರುವುದರಿಂದ ಲೇಬಲ್ ಬರುತ್ತಿಲ್ಲ. ಮುಟ್ಟುತ್ತಿರುವವರು ಯಾರು ಎಂದು ಬರೆಯುವ ಅಗತ್ಯವೇ ಇರಲಿಲ್ಲ, ಅಲ್ಲಿರುವುದು ಒಬ್ಬರೇ. ಕೆಳಗೆ ಸಹಿ ಹಾಕಿದೆ.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಇನ್‌ಚಾರ್ಜು, ಮದ್ದೂರಿನ ಟೆಕ್ನಿಷಿಯನ್ನು, ನಾನು, ಮೂವರೂ ಒಬ್ಬರ ಮನೆಯ ಹಬ್ಬಕ್ಕೆ ಇನ್ನೊಬ್ಬರು ಹೋಗಿ ಉಣ್ಣುವವರು. ಮಳವಳ್ಳಿಯ ಮೇಡಮ್ ಮನೆಗೆ ನಮ್ಮಲ್ಲಿ ಯಾರೂ ಹೋಗಿರಲಿಲ್ಲ. ಅವರನ್ನು ಕರೆದೂ ಇರಲಿಲ್ಲ. ಅವರ ಮೇಜಿನ ಮೇಲೆ ಬುದ್ಧನ ಸಣ್ಣ ಫೋಟೋ ಇತ್ತು. ಅದರ ಬಗ್ಗೆ ಯಾರೂ ಒಂದು ಮಾತು ಆಡಿದವರಲ್ಲ. ಆಡದೆಯೇ ಎಲ್ಲರಿಗೂ ಎಲ್ಲ ಗೊತ್ತಿತ್ತು. ಮದ್ದೂರಿನಲ್ಲಿ ಕೆಟ್ಟಿದ್ದರೆ ನಾನು ಮಿಷನ್ನನ್ನು ಅನುಮಾನಿಸುತ್ತಿದ್ದೆನೋ, ಮನುಷ್ಯನನ್ನೋ? ಈ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ನನಗೆ ಇಷ್ಟವಾಗುವಂಥದ್ದಲ್ಲ.

ಪಾಸ್‌ವರ್ಡ್ ಬದಲಾಯಿಸಿದೆ. ಹೊಸದನ್ನು ಯಾರಿಗೂ ಹೇಳಲಿಲ್ಲ. ಮಾರನೇ ಬೆಳಗ್ಗೆಯೇ ನೋಡಿದರೆ ಫೈಲು ಮತ್ತೆ ಬದಲಾಗಿದೆ. ಪಾಸ್‌ವರ್ಡೇ ಗೊತ್ತಿಲ್ಲದವರು ಮುಟ್ಟಲು ಸಾಧ್ಯವಿಲ್ಲ ಎಂದು ಅಲ್ಲೇ ಹೊಳೆಯಬೇಕಿತ್ತು. ನನಗೆ ಹೊಳೆದದ್ದು ಬೇರೆ: ನಾನು ಟೈಪು ಮಾಡುವಾಗ ಹಿಂದೆ ನಿಂತು ನೋಡಿಕೊಂಡಿರಬೇಕು. ಒಮ್ಮೆ ಅನುಮಾನ ತಲೆಗೆ ಹೊಕ್ಕರೆ ಎದುರಿಗೆ ಬಂದ ಸಾಕ್ಷಿಯನ್ನೂ ಅದು ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ಮುಂದಿನ ಸಲ ಟೈಪು ಮಾಡುವಾಗ ಅವರನ್ನು ಆಚೆ ಹೋಗಿ ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ಸೂಜಿ ಹಿಡಿದುಕೊಂಡೇ ಬಾಗಿಲಾಚೆ ಹೋಗಿ ನಿಂತರು. ಮೆಟ್ಟಿಲ ಮೇಲಿನ ಜನ ನೋಡುತ್ತಿದ್ದರು.

ಕೆಲಸ ಮುಗಿದ ಮೇಲೆ ಒಳಗೆ ಬಂದು ಡ್ರಾಯರಿನಿಂದ ನೂರು ಪುಟದ ಒಂದು ನೋಟ್‌ಬುಕ್ಕು ತೆಗೆದರು.

"ಸಾರ್, ನಾನು ದಿನಾ ಬರ್ದಿಟ್ಟಿವ್ನಿ. ಎಷ್ಟೊತ್ತಿಗೆ ಮೇನ್ ಸ್ವಿಚ್ ಆಕ್ದೆ, ಎಷ್ಟೊತ್ತಿಗೆ ರೂಟರ್ ಲೈಟ್ ಹಸಿರಾಯ್ತು, ಎಷ್ಟೊತ್ತಿಗೆ ಲೇಬಲ್ ನಿಂತೋಯ್ತು, ಎಲ್ಲ ಐತೆ. ಒಂದ್ಸಲ ನೋಡಿ."

"ಮೇನ್ ಯಾಕೆ ಆಫ್ ಮಾಡ್ತೀರಿ?"

"ಓನರ್ ಆರ್ಡ್ರು ಸಾರ್. ಹಿಂದೆ ಕೆಳಗಡೆ ಅಂಗ್ಡೀಲಿ ಶಾರ್ಟ್ ಸರ್ಕೀಟ್ ಆಗಿತ್ತಂತೆ. ಬಾಗ್ಲಾಕೋವಾಗ ಎಲ್ರೂ ಮೇನ್ ಇಳಿಸ್ಲೇಬೇಕು. ಕಾಂಪ್ಲೆಕ್ಸ್‌ನಲ್ಲಿ ಎಲ್ರೂ ಅಂಗೇ ಮಾಡೋದು."

ನೋಟ್‌ಬುಕ್ಕನ್ನು ಕೈಗೆ ತೆಗೆದುಕೊಂಡೆ, ಎರಡು ಪುಟ ತಿರುವಿದೆ. ಒಳ್ಳೇ ದುಂಡನೆ ಅಕ್ಷರ. ಓದಲಿಲ್ಲ. ತಪ್ಪು ಮಾಡಿದವರು ಹೀಗೇ ಕಾಗದ ಪತ್ರ ಒಟ್ಟುಮಾಡಿಕೊಳ್ಳುತ್ತಾರೆ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಆಮೇಲೆ ನೋಡ್ತೀನಿ ಎಂದು ಅವರ ಮೇಜಿನ ಮೇಲೇ ಇಟ್ಟು ಬೈಕು ಹತ್ತಿದೆ.

ಮುಂದಿನ ಸೋಮವಾರ ಮದ್ದೂರಿನ ಪ್ರಿಂಟರು ಕೆಟ್ಟು ಅಲ್ಲಿ ಸಿಕ್ಕಿಕೊಂಡೆ. ಮಳವಳ್ಳಿಯ ಫೋನು ಬಂದಾಗ, ಜನಾನ ಕಾಯಿಸಿ, ಬರ್ತೀನಿ ಎಂದೆ. ಎಂಟೂವರೆ ಆಯಿತು, ಒಂಬತ್ತಾಯಿತು. ಅವತ್ತು ಬಂದಿದ್ದವರಲ್ಲಿ ತುಂಬು ಬಸುರಿಯೊಬ್ಬಳಿದ್ದಳು. ಅದೇ ಮಧ್ಯಾಹ್ನ ಡಾಕ್ಟರಿಗೆ ರಿಪೋರ್ಟು ತೋರಿಸಬೇಕಿತ್ತು. ಮೇಡಮ್ ಬಸ್ಸು ತಪ್ಪಿಸಲಿಲ್ಲ. ಟ್ಯೂಬುಗಳ ಮೇಲೆ ಬಿಳಿ ಪಟ್ಟಿ ಸುತ್ತಿ, ಅಳಿಸದ ಪೆನ್ನಿನಲ್ಲಿ ಹೆಸರು, ವಯಸ್ಸು, ಊರು, ತೆಗೆದ ಹೊತ್ತು ಬರೆದು, ಜೊತೆಗೆ ಎಲ್ಲರ ಹೆಸರಿನ ಒಂದು ಪಟ್ಟಿಯನ್ನೂ ಇಟ್ಟು ಕಳಿಸಿದರು. ಲೇಬಲ್ ಎಂಬುದು ಹುಟ್ಟುವ ಮೊದಲು ಊರಿನ ಎಲ್ಲ ಲ್ಯಾಬಿನಲ್ಲೂ ಹಾಗೇ ಮಾಡುತ್ತಿದ್ದದ್ದು. ಮಂಡ್ಯದಲ್ಲಿ ಡಬ್ಬ ತೆರೆದವರು ಲೇಬಲ್ ಇಲ್ಲದ್ದನ್ನು ನೋಡಿ ಎಲ್ಲವನ್ನೂ ತೆಗೆದು ಪಕ್ಕಕ್ಕಿಟ್ಟರು. ಮಧ್ಯಾಹ್ನ ಬಸುರಿಯ ಅತ್ತೆ ಸೆಂಟರಿಗೆ ಬಂದು, ಮತ್ತೆ ರಕ್ತ ಕೊಡಬೇಕು ಎಂದು ತಿಳಿದು, ಎರಡು ಸಲ ಚುಚ್ಚಕ್ಕೆ ಅವಳ ಕೈಯೇನು ದಿಂಬಾ ಎಂದು ಕೂಗಾಡಿದಳಂತೆ. ಅವಳ ಸಿಟ್ಟು ನ್ಯಾಯವಾದದ್ದೇ.

ಇನ್‌ಚಾರ್ಜ್ ಮೇಡಮ್ಮನ್ನು ಮಂಡ್ಯಕ್ಕೆ ಕರೆಸಿದರು. ನನ್ನನ್ನೂ ಕೂರಿಸಿಕೊಂಡರು. ನನ್ನ ಹಾಳೆ ಮೇಜಿನ ಮೇಲಿತ್ತು.

"ನೋಡಮ್ಮ, ಇಂಜಿನಿಯರೇ ಬರ್ದವ್ರೆ. ನೀನು ಮಿಷನ್ ಮುಟ್ಟಾದು, ಆಮೇಲೆ ಕೈಲಿ ಬರ್ದು ಕಳ್ಸಾದು. ರೂಲ್ಸ್ ಗೊತ್ತಿಲ್ವಾ?"

"ನಾನ್ ಮುಟ್ಟಿಲ್ಲ ಸಾರ್."

"ಮತ್ಯಾರು, ದೆವ್ವ ಮುಟ್ತದಾ?"

ಅವರು ನನ್ನ ಕಡೆ ತಿರುಗಿದರು. "ಸಾರ್, ನೀವಾದ್ರೂ ಏಳಿ. ನಿಮ್ಗೆ ಗೊತ್ತಲ್ವಾ ನಾನು ಅಂತೋಳಲ್ಲ ಅಂತ."

ನಾನು ಇನ್ನೊಂದು ಸಲ ಚೆಕ್ ಮಾಡ್ತೀನಿ ಎಂದೋ ಏನೋ ಗೊಣಗಿದೆ. ಅವರು ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ.

ಮಾರನೇ ದಿನ ಹೋಗಿ ಮಾಡಿದ ಕೆಲಸವೇ ನಾನು ಈ ಇಡೀ ಪ್ರಕರಣದಲ್ಲಿ ತೆಗೆದುಕೊಂಡ ದೊಡ್ಡ ತೀರ್ಮಾನ. ಯಾರು ಬರೆಯುತ್ತಿದ್ದಾರೆ ಎಂದು ಹುಡುಕುವ ಬದಲು ಯಾರೂ ಬರೆಯದ ಹಾಗೆ ಮಾಡಿದೆ. ಲಿನಕ್ಸಿನಲ್ಲಿ ಒಂದು ಆಜ್ಞೆ ಇದೆ. ಅದನ್ನು ಕೊಟ್ಟರೆ ಫೈಲು ಕಲ್ಲಾಗುತ್ತದೆ. ಎಲ್ಲ ಅಧಿಕಾರ ಇರುವ ಯಂತ್ರದ ಯಜಮಾನ ಬಂದರೂ ಬರೆಯಲು, ಅಳಿಸಲು ಆಗುವುದಿಲ್ಲ, ಅದೇ ಆಜ್ಞೆಯಿಂದ ಬೀಗ ತೆಗೆಯುವ ತನಕ. ಮಂಡ್ಯದ ವಿಳಾಸ ಬರೆದು, ಬೀಗ ಜಡಿದು, ಎದ್ದು ಬಂದೆ. ಅರ್ಧ ನಿಮಿಷದ ಕೆಲಸ.

ಫೋನು ನಿಂತುಹೋಯಿತು. ಒಂದು ವಾರ, ಎರಡು ವಾರ, ಒಂದು ದಿನವೂ ಲೇಬಲ್ ತಪ್ಪಲಿಲ್ಲ. ಹೆಂಡತಿ, ಮಳವಳ್ಳಿಯವರು ನಿಮ್ಮನ್ನ ಮರೆತೇಬಿಟ್ರಾ ಎಂದು ಛೇಡಿಸಿದಳು. ನಾನು ಇನ್‌ಚಾರ್ಜರಿಗೆ ಖುಷಿಯಿಂದ ಹೇಳಿದೆ, ಫೈಲಿಗೆ ಬೀಗ ಹಾಕಿದ್ದೀನಿ ಸಾರ್, ಇನ್ನು ತೊಂದ್ರೆ ಇಲ್ಲ.

ಅವರು ಕುರ್ಚಿಗೆ ಒರಗಿ ನಕ್ಕರು. "ಆಯ್ತಲ್ಲ, ಇನ್ನೇನ್ ಬೇಕು? ಬೀಗ ಆಕ್ದಾಗ್ಲಿಂದ ಕೆಡ್ಲಿಲ್ಲ ಅಂದ್ರೆ ಕೈ ಆಕ್ತಿದ್ದದ್ದು ಅವ್ಳೇ ಅಂತ ಆಯ್ತಲ್ಲೋ."

ಬೀಗ ಹಾಕಿದರೆ ಕಳ್ಳನೂ ಒಳಗೆ ಬರುವುದಿಲ್ಲ, ಗಾಳಿಯೂ ಬರುವುದಿಲ್ಲ. ಬಾಗಿಲು ತೆರೆಯುತ್ತಿದ್ದದ್ದು ಕಳ್ಳನೋ ಗಾಳಿಯೋ ಎಂಬುದು ಬೀಗದಿಂದ ತಿಳಿಯುವುದಿಲ್ಲ. ಇಷ್ಟು ಸಣ್ಣ ವಿಷಯ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹೊಗಳಿಕೆ ನನ್ನ ಕಡೆಗೆ ಬರುತ್ತಿತ್ತು, ಹೂಂಗುಟ್ಟಿದೆ. ಆ ತಿಂಗಳ ಕೊನೆಗೆ ಮೇಡಮ್ ಅವರ ಗುತ್ತಿಗೆ ಮುಗಿಯುವುದಿತ್ತು. ಪ್ರತಿ ವರ್ಷ ತಾನಾಗಿ ಮುಂದುವರಿಯುತ್ತಿದ್ದದ್ದು ಆ ವರ್ಷ ಮುಂದುವರಿಯಲಿಲ್ಲ. ಅವರ ಜಾಗಕ್ಕೆ ಹೊಸಬಳೊಬ್ಬಳು ಬಂದಳು. ಹೋಗುವ ದಿನ ಮೇಡಮ್ ನನಗೆ ಫೋನು ಮಾಡಲಿಲ್ಲ. ನಾನೂ ಮಾಡಲಿಲ್ಲ.

ಐದು ತಿಂಗಳ ನಂತರ ಬೆಂಗಳೂರಿನ ಕಚೇರಿಯವರು ಮಂಡ್ಯದ ಡಿಎನ್‌ಎಸ್ ಸರ್ವರಿನ ವಿಳಾಸ ಬದಲಾಯಿಸಿದರು. ಮಂಡ್ಯ, ಮದ್ದೂರು ಮುಗಿಸಿ, ಒಂದು ಮಧ್ಯಾಹ್ನ ಮಳವಳ್ಳಿಗೆ ಹೋದೆ. ಹೊಸ ಟೆಕ್ನಿಷಿಯನ್ ಊಟಕ್ಕೆ ಹೋಗಿದ್ದಳು, ನಾನೊಬ್ಬನೇ. ಫೈಲು ತೆರೆದು ವಿಳಾಸ ಬರೆದೆ, ಯಂತ್ರ ಒಪ್ಪಲಿಲ್ಲ. ಯಜಮಾನನ ಪಾಸ್‌ವರ್ಡ್ ಹೊಡೆದು ಬಂದೆ, ಆಗಲೂ ಒಪ್ಪಲಿಲ್ಲ. ನಾನೇ ಹಾಕಿದ ಬೀಗ ನನಗೇ ಮರೆತುಹೋಗಿ ಕಾಲು ಗಂಟೆ ತಲೆ ಕೆಡಿಸಿಕೊಂಡೆ. ನೆನಪಾದ ಮೇಲೆ ಬೀಗ ತೆಗೆದು, ಹೊಸ ವಿಳಾಸ ಬರೆದು, ಹೆಸರು ಹೊಡೆದು ನೋಡಿದೆ. ಉತ್ತರ ಬಂತು. ಮತ್ತೆ ಬೀಗ ಹಾಕಬೇಕು ಅನ್ನುವಷ್ಟರಲ್ಲಿ ಕರೆಂಟು ಹೋಯಿತು.

ಕಂಪ್ಯೂಟರಿಗೆ ಯುಪಿಎಸ್ ಇತ್ತು, ಅದು ಉರಿಯುತ್ತಲೇ ಇತ್ತು. ಗೋಡೆಯ ಮೇಲಿನ ರೂಟರಿಗೆ ಇರಲಿಲ್ಲ. ಫ್ಯಾನು ನಿಂತ ಕೋಣೆಯಲ್ಲಿ ಕೈಕಟ್ಟಿ ಕೂತೆ. ಹತ್ತು ನಿಮಿಷಕ್ಕೆ ಕರೆಂಟು ಬಂತು, ರೂಟರಿನ ಕೆಂಪು ದೀಪ ಮಿನುಗಿ ಮಿನುಗಿ ಹಸಿರಾಯಿತು. ಮತ್ತೊಮ್ಮೆ ಇರಲಿ ಎಂದು ಹೆಸರು ಹೊಡೆದು ನೋಡಿದೆ. ಉತ್ತರ ಬರಲಿಲ್ಲ. ಫೈಲು ತೆರೆದೆ. ನಾನು ಹತ್ತು ನಿಮಿಷದ ಹಿಂದೆ ಬರೆದ ವಿಳಾಸ ಇರಲಿಲ್ಲ. ಇಂಟರ್‌ನೆಟ್ ಕಂಪನಿಯ ವಿಳಾಸ ಕೂತಿತ್ತು.

ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ನಾನು ಮುಟ್ಟಿರಲಿಲ್ಲ.

ಆಗ ಮೊದಲ ಸಲ ಆ ಫೈಲಿನ ಮೊದಲ ಸಾಲನ್ನು ಓದಿದೆ. ಇದನ್ನು ಬರೆದದ್ದು ನೆಟ್‌ವರ್ಕ್ ಮ್ಯಾನೇಜರ್ ಎಂದಿತ್ತು. ಅದು ಲಿನಕ್ಸಿನೊಳಗೇ ಇರುವ ಒಂದು ಪ್ರೋಗ್ರಾಂ. ರೂಟರಿನ ಜೊತೆ ಹೊಸದಾಗಿ ಸಂಪರ್ಕವಾದಾಗ ರೂಟರು ಯಾವ ಡಿಎನ್‌ಎಸ್ ವಿಳಾಸ ಹೇಳುತ್ತದೋ ಅದನ್ನೇ ಈ ಫೈಲಿಗೆ ಬರೆದುಬಿಡುತ್ತದೆ. ಅಲ್ಲಿ ಮೊದಲು ಯಾರು ಏನು ಬರೆದಿದ್ದರೂ ಅಳಿಸುತ್ತದೆ. ಕದ್ದುಮುಚ್ಚಿ ಮಾಡುವುದಿಲ್ಲ, ಮೊದಲ ಸಾಲಿನಲ್ಲೇ ತನ್ನ ಹೆಸರು ಬರೆದು ಮಾಡುತ್ತದೆ. ನಾನು ಪ್ರತಿ ಸಲ ಆ ಸಾಲನ್ನು ದಾಟಿ ಕೆಳಗಿನದನ್ನು ತಿದ್ದಿ ಎದ್ದು ಹೋಗಿದ್ದೆ. ಮದ್ದೂರಿನ ಸೆಂಟರು ಇರುವುದು ಜನರೇಟರ್ ಇರುವ ಕಟ್ಟಡದಲ್ಲಿ, ಅಲ್ಲಿ ರೂಟರೂ ಕಂಪ್ಯೂಟರೂ ಆರುವುದೇ ಇಲ್ಲ. ಮಳವಳ್ಳಿಯಲ್ಲಿ ಮೇಡಮ್ ಓನರಿನ ಮಾತು ಕೇಳಿ ದಿನಾ ಮೇನ್ ಇಳಿಸುತ್ತಿದ್ದರು. ಹಳೆಯ ರೂಟರಿಗೆ ನಮ್ಮ ವಿಳಾಸವನ್ನೇ ಹೇಳುವ ಹಾಗೆ ನಾನೇ ಯಾವಾಗಲೋ ಕಲಿಸಿದ್ದೆ. ಹೊಸದಕ್ಕೆ ಕಲಿಸಲು ಮರೆತಿದ್ದೆ.

ಡ್ರಾಯರು ಎಳೆದೆ. ಹಳೇ ಬಿಲ್ ಪುಸ್ತಕ, ಹತ್ತಿ ಸುರುಳಿಗಳ ಕೆಳಗೆ ನೋಟ್‌ಬುಕ್ಕು ಹಾಗೇ ಇತ್ತು. ಕಂಪ್ಯೂಟರು ತಾನು ಮಾಡಿದ ಕೆಲಸವನ್ನೆಲ್ಲ ಹೊತ್ತಿನ ಸಮೇತ ಬರೆದಿಟ್ಟುಕೊಳ್ಳುತ್ತದೆ. ಅದನ್ನು ಒಂದು ಕಡೆ ತೆರೆದು, ನೋಟ್‌ಬುಕ್ಕನ್ನು ಇನ್ನೊಂದು ಕಡೆ ಇಟ್ಟುಕೊಂಡು ಕೂತೆ. ಯಂತ್ರ ಏಳು ಗಂಟೆ ನಾಲ್ಕು ನಿಮಿಷ ಎಂದರೆ ಮೇಡಮ್ ಏಳು ಗಂಟೆ ನಾಲ್ಕು ನಿಮಿಷ ಎಂದು ಬರೆದಿದ್ದರು. ಯಂತ್ರ ಏಳು ಗಂಟೆ ಎರಡು ನಿಮಿಷ ಎಂದರೆ ಅವರೂ ಅದನ್ನೇ. ಮೂರನೇ ಪುಟದ ಕೆಳಗೆ, ಅಡಿಗೆರೆ ಎಳೆದು ಒಂದು ಸಾಲು ಇತ್ತು: "ಮಧ್ಯಾಹ್ನ ಕರೆಂಟು ಹೋಗಿ ಬಂದಾಗಲೂ ಹೀಗೇ ಆಗುತ್ತದೆ. ರೂಟರ್ ಆನ್ ಆದ ಮೇಲೆಯೇ ಕೆಡುವುದು. ಸಾರ್‌ಗೆ ಹೇಳಬೇಕು."

ಹೇಳಿದ್ದರು. ನನಗೆ ಆ ಹೊತ್ತಿನಲ್ಲಿ ನಾಚಿಕೆಗಿಂತ ಮೊದಲು ಬಂದದ್ದು ಭಯ. ಸುತ್ತ ಯಾರಾದರೂ ನೋಡುತ್ತಿದ್ದಾರಾ ಎಂದು ತಿರುಗಿ ನೋಡಿದೆ.

ಸರಿಯಾದ ಪರಿಹಾರ ಎರಡು ಸಾಲಿನದು. ರೂಟರು ಹೇಳುವ ಡಿಎನ್‌ಎಸ್ ವಿಳಾಸವನ್ನು ಕೇಳಬೇಡ ಎಂದು ನೆಟ್‌ವರ್ಕ್ ಮ್ಯಾನೇಜರಿಗೇ ಹೇಳುವುದು ಒಂದು. ನಮ್ಮ ವಿಳಾಸವನ್ನು ಆ ಪ್ರೋಗ್ರಾಮಿಗೇ ಕೊಟ್ಟು ಅದರಿಂದಲೇ ಬರೆಸುವುದು ಇನ್ನೊಂದು. ಎರಡನ್ನೂ ಟೈಪು ಮಾಡಿದೆ. ಮೇನ್ ಇಳಿಸಿ, ಏರಿಸಿ ನೋಡಿದೆ. ನಾಲ್ಕು ಸಲ ಮಾಡಿದೆ. ಒಂದು ಸಲವೂ ತಪ್ಪಲಿಲ್ಲ, ಬೀಗವೂ ಬೇಕಾಗಲಿಲ್ಲ.

ಮಂಡ್ಯಕ್ಕೆ ಹೋಗಿ ಇನ್‌ಚಾರ್ಜರಿಗೆ ಎಲ್ಲ ಹೇಳಿದೆ. ನೋಟ್‌ಬುಕ್ಕನ್ನೂ ತೋರಿಸಿದೆ. ಅವರು ತಿರುವಲೂ ಇಲ್ಲ.

"ಈಗ ನಡೀತಾ ಐತಲ್ಲ?"

"ನಡೀತಾ ಇದೆ ಸಾರ್. ಆದ್ರೆ ಮೇಡಮ್ ತಪ್ಪಿರ್ಲಿಲ್ಲ."

"ಲೋ, ಮುಗ್ದೋದ್ ಕತೆ. ಈಗ ಕೆದಕುದ್ರೆ ನಿಂದೂ ಬತ್ತದೆ, ನಂದೂ ಬತ್ತದೆ. ಸುಮ್ಕಿದ್ಬುಡು."

ನಾಲ್ಕು ದಿನ ಸುಮ್ಮನಿದ್ದೆ. ಅದನ್ನು ಮುಚ್ಚಿಡುವುದಿಲ್ಲ.

ಐದನೇ ದಿನ ಭಾನುವಾರ. ಮಳವಳ್ಳಿ ಪಕ್ಕದ ಅವರ ಊರಿಗೆ ವಿಚಾರಿಸಿಕೊಂಡು ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ, ಸೂಜಿ ಮೇಡಮ್ ಎಂದರೆ ಎಲ್ಲರಿಗೂ ಗೊತ್ತು. ಅವರು ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ ಪ್ರಥಮ ಚಿಕಿತ್ಸೆಯ ಕೋಣೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದರು. ದಿನಾ ಎರಡು ಬಸ್ಸು ಬದಲಾಯಿಸಿ ಹೋಗಿ, ಬೆರಳು ಕೊಯ್ದುಕೊಂಡವರಿಗೆ ಪಟ್ಟಿ ಸುತ್ತುವುದು. ನನ್ನನ್ನು ನೋಡಿ ಬಾಗಿಲಿಗೆ ಬಂದರು. ಆಮೇಲೆ ಒಳಗೆ ಕರೆದು ಕುರ್ಚಿ ಹಾಕಿದರು. ಅವರ ಗಂಡ ಅಂಗಳದಲ್ಲಿ ಸೈಕಲ್ ಒರೆಸುತ್ತಿದ್ದವರು ಒಳಗೆ ಬರಲಿಲ್ಲ, ಒರೆಸುವುದನ್ನು ನಿಲ್ಲಿಸಿದರು.

ಮೊದಲಿನಿಂದ ಕೊನೆಯ ತನಕ ಹೇಳಿದೆ.

"ಅಂದ್ರೆ ರೂಟರ್ ಆನ್ ಆದಾಗೆಲ್ಲ ಅದೇ ಬರ್ಕತಿತ್ತು."

"ಹೌದು ಮೇಡಮ್."

"ನಾನೂ ಅದ್ನೇ ಬರ್ದಿದ್ನಲ್ಲ ಸಾರ್."

ನೋಟ್‌ಬುಕ್ಕನ್ನು ಅವರ ಮುಂದೆ ಇಟ್ಟೆ. ಅವರು ಅದನ್ನು ಮುಟ್ಟಲಿಲ್ಲ. ಒಳಗೆ ಹೋಗಿ ಬಿಳಿ ಹಾಳೆಯೊಂದನ್ನೂ ಪೆನ್ನನ್ನೂ ತಂದರು.

"ಬಾಯಲ್ಲಿ ಏಳಿದ್ದು ಸಾಕು. ಬರ್ದ್ ಕೊಡಿ. ಅವತ್ತು ಅವ್ರಿಗೆ ಬರ್ದ್ ಕೊಟ್ರಲ್ಲ, ಅಂಗೇ."

ಬರೆದೆ: ಮಳವಳ್ಳಿ ಸೆಂಟರಿನ ಕಂಪ್ಯೂಟರಿನಲ್ಲಿ ಡಿಎನ್‌ಎಸ್ ಸೆಟ್ಟಿಂಗ್ ತಾನಾಗಿಯೇ ಬದಲಾಗುತ್ತಿತ್ತು; ಇದರಲ್ಲಿ ಟೆಕ್ನಿಷಿಯನ್ ಅವರ ತಪ್ಪು ಏನೂ ಇರಲಿಲ್ಲ. ಸಹಿ ಹಾಕಿ ಕೊಟ್ಟೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಹಾಳೆಯನ್ನು ನನ್ನ ಕಡೆಗೇ ತಿರುಗಿಸಿ ಇಟ್ಟರು.

"ನಾನ್ ಮುಟ್ತೀನಿ ಅಂತ ಬರ್ದೋರು ಯಾರು ಅಂತ ಇದ್ರಲ್ಲಿ ಇಲ್ವಲ್ಲ ಸಾರ್."

ಇನ್ನೊಂದು ಹಾಳೆ ತೆಗೆದುಕೊಂಡೆ. ಮೊದಲ ಸಾಲಿನಲ್ಲೇ ಬರೆದೆ, ಹಿಂದಿನ ತಪ್ಪು ವರದಿ ಬರೆದವನು ನಾನು ಎಂದು. ಆಮೇಲೆ ಉಳಿದದ್ದೆಲ್ಲ: ಪಾಸ್‌ವರ್ಡ್ ನಾನೇ ಹೇಳಿದ್ದು, ಅವರ ನೋಟ್‌ಬುಕ್ಕನ್ನು ಓದದೆ ಬಿಟ್ಟದ್ದು, ಹೊಸ ರೂಟರಿನಲ್ಲಿ ವಿಳಾಸ ಹಾಕಲು ಮರೆತದ್ದು. ಎರಡು ಬದಿ ತುಂಬಿತು. ಈ ಕಾಗದ ಇನ್‌ಚಾರ್ಜರ ಕೈಗೆ ಸಿಕ್ಕರೆ ನನ್ನ ಕೆಲಸ ಇರುವುದಿಲ್ಲ ಎಂದು ಬರೆಯುವಾಗಲೇ ಗೊತ್ತಿತ್ತು.

ಅವರು ಮತ್ತೆ ಪೂರ್ತಿ ಓದಿದರು. ಹೂಂ ಎಂದರು.

"ಇದನ್ನ ತೋರಿಸಿ ಯಾವುದಾದ್ರೂ ಲ್ಯಾಬಲ್ಲಿ ಕೇಳಿ ಮೇಡಮ್. ನಾನೂ ಬಂದು ಹೇಳ್ತೀನಿ" ಎಂದೆ.

"ಮಳವಳ್ಳೀಲಿ ಒಂದು ನರ್ಸಿಂಗ್ ಹೋಮ್‌ನಲ್ಲಿ ಕೇಳಿದ್ದೆ ಸಾರ್, ಕೆಲ್ಸ ಬುಟ್ಟ ಹೊಸದ್ರಲ್ಲೇ. ಅವ್ರು ನಿಮ್ ಲ್ಯಾಬಿಗೆ ಫೋನ್ ಮಾಡಿ ಕೇಳವ್ರೆ. ಆಮೇಲೆ ಕರೀಲಿಲ್ಲ. ಈಗ ಬೇರೆಯೋರು ಸೇರ್ಕಂಡವ್ರೆ. ಇದು ಕೆಲ್ಸುಕ್ಕಲ್ಲ."

"ಮತ್ತೆ ಯಾರಿಗೆ ತೋರಿಸೋಕೆ?"

"ಯಾರ್ಗೂ ಇಲ್ಲ." ಅಲಮಾರಿಯಿಂದ ಪ್ಲಾಸ್ಟಿಕ್ ಫೈಲೊಂದನ್ನು ತೆಗೆದು, ತಮ್ಮ ಅಂಕಪಟ್ಟಿಗಳ ಹಿಂದೆ ಆ ಹಾಳೆಯನ್ನು ಸೇರಿಸಿದರು. ಅಂಗಳದಲ್ಲಿ ಗಂಡ ಮತ್ತೆ ಸೈಕಲ್ ಒರೆಸುವ ಸದ್ದು ಕೇಳಿಸಿತು.

"ನಮ್ಮನೆಯವ್ರೂ ಕೇಳುದ್ರು ಸಾರ್, ನಿಜ ಏಳು, ಏನಾರ ಮುಟ್ಟಿದ್ಯಾ ಅಂತ. ನೀವು ಇಂಜಿನಿಯರು, ನೀವೇ ಅಂದ್ಮೇಲೆ ಇದ್ರೂ ಇರ್ಬೋದು ಅಂತ ನಂಗೂ ಅನ್ನುಸ್ಬುಟ್ಟಿತ್ತು. ಕೊನೆಕೊನೆಗೆ ಬೆಳಗ್ಗೆ ಮೇನ್ ಆಕ್ಬುಟ್ಟು, ಎರಡೂ ಕೈಯ ಹಿಂದಕ್ಕೆ ಕಟ್ಕಂಡು ಕಂಪ್ಯೂಟರ್ ಮುಂದೆ ನಿಂತ್ಕತಿದ್ದೆ. ನಾನು ಮುಟ್ಟಿಲ್ಲ ಅಂತ ನಂಗಾದ್ರೂ ಗೊತ್ತಾಗ್ಲಿ ಅಂತ."